ಹೆಬ್ಬೆರಳಿನ ತೀರ್ಪು

ಬಿಗಿಯಾಗಿರುವುದು ಬಂದೂಕಿನ ಸೇಫ್ಟಿಯೋ, ಸೋತಿರುವುದು ತನ್ನ ಹೆಬ್ಬೆರಳೋ? ಹೋದ ವಾರ ಕೇಳಿದ್ದರೆ ಸೇಫ್ಟಿಯೇ ಎಂದು ಆಣೆ ಇಟ್ಟು ಹೇಳುತ್ತಿದ್ದ. ಇವತ್ತು ಬೆಳಿಗ್ಗೆ ಅಂಗಿ ತೊಡುವಾಗ ಆ ಆಣೆ ಅಲುಗಾಡಿತು. ಗುಂಡಿ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಎಂಬುದನ್ನು ಕಣ್ಣಿಂದ ನೋಡಿ ತಿಳಿದುಕೊಳ್ಳಬೇಕಾಯಿತು. ಕೈ ಮರಗಟ್ಟಿರಬೇಕು, ಚಳಿಗೆ ಹೀಗಾಗುತ್ತದೆ ಎಂದುಕೊಂಡ. ಚಳಿ ಎಲ್ಲಿತ್ತು?

ಬಂದೂಕಿನ ಕಾರ್ಖಾನೆಯಲ್ಲಿ ಅವನ ಕೆಲಸವೆಂದರೆ ಹೊಸ ಆಯುಧ ಮನುಷ್ಯನ ಕೈಗೆ ಒಪ್ಪುತ್ತದೆಯೇ ಎಂದು ನೋಡಿ ಹೇಳುವುದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬರೀ ಸ್ಪರ್ಶದಿಂದ. ಅವನ ಬಾಯಿಂದ ‘ಸರಿ’ ಬರುವತನಕ ಯಾವ ಮಾದರಿಯೂ ಮುಂದಕ್ಕೆ ಹೋಗುವಂತಿಲ್ಲ. ಅದು ಅಲ್ಲಿಯ ಪದ್ಧತಿ. ಸೇಫ್ಟಿಯ, ಅಂದರೆ ಗುಂಡು ತಾನಾಗಿ ಹಾರದಂತೆ ತಡೆಯುವ ಕೀಲಿನ, ಸ್ಪ್ರಿಂಗ್ ಎಷ್ಟು ಬಿಗಿ ಇದೆಯೆಂದು ಯಂತ್ರ ಅಳೆಯುತ್ತಿತ್ತು. ಎಷ್ಟು ಬಿಗಿ ಇರಬೇಕೆಂದು ತೀರ್ಮಾನಿಸುತ್ತಿದ್ದುದು ಅವನ ಬಲಗೈ ಹೆಬ್ಬೆರಳು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಹೆಬ್ಬೆರಳಣ್ಣ. ಹೆಬ್ಬೆರಳು ಹೋದ ಹೆಬ್ಬೆರಳಣ್ಣನನ್ನು ಯಾರು ಇಟ್ಟುಕೊಂಡಾರು?

ಪರೀಕ್ಷೆಯ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲ. ಕೆಂಪು ದೀಪ ಉರಿಯುವಷ್ಟು ಹೊತ್ತು ಬಾಗಿಲು ತೆರೆಯದು. ಬಾಗಿಲಿನ ಗಾಜಿನಾಚೆ ಮ್ಯಾನೇಜರು ಕೈಕಟ್ಟಿ ನಿಂತಿದ್ದರು. ಒಳಗೆ ಅವನ ಜೊತೆ ಇಬ್ಬರು: ಆಯುಧಗಳನ್ನು ಖಾಲಿ ಮಾಡಿ ತಪಾಸಣೆ ಮಾಡುವ ಕಾವಲಿನಕ್ಕ, ಮತ್ತು ಇವತ್ತು ಪರೀಕ್ಷೆಗೆ ಬಂದಿದ್ದ ಕಾರ್ಬೈನ್ ಬಂದೂಕಿನ ನಕ್ಷೆ ಬರೆದ ಭಾವಮೈದ, ಅಂದರೆ ಅವನ ಹೆಂಡತಿಯ ತಮ್ಮ.

“ಭಾವ, ನೀವು ಬಿಗಿ ಅಂದಾಗಲೆಲ್ಲ ಮೃದು ಮಾಡಿದೀನಿ. ಇನ್ನೂ ಬಿಗಿ ಅಂದ್ರೆ ನಾನೇ ಒಳಗೆ ಕೂತು ತಿರುಗಿಸ್ಬೇಕು ಅಷ್ಟೆ.”

“ಕೂತ್ಕೋ. ನಿಮ್ಮಕ್ಕ ನೆಮ್ಮದಿಯಾಗಿರ್ತಾಳೆ.”

ಕಾವಲಿನಕ್ಕ ಕಿಸಕ್ಕನೆ ನಕ್ಕಳು. ಅವನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾರ್ಬೈನ್ ಎತ್ತಿಕೊಂಡ. ಗಿಡ್ಡ ಆಯುಧ, ಪಿಸ್ತೂಲಿನ ಗುಂಡನ್ನೇ ಹಾರಿಸುವಂಥದು. ಹಿಡಿ ಅಂಗೈಯೊಳಗೆ ಹಕ್ಕಿಮರಿಯ ಹಾಗೆ ಕೂತಿತು. ಮೂತಿ ನೆಲಕ್ಕೆ ಜಗ್ಗಲಿಲ್ಲ. ಹಿಡಿತ ಬಿಡದೆಯೇ ಗುಂಡು ತುಂಬುವ ಮ್ಯಾಗಜಿನ್ ಕಳಚಲು ಬಂತು. ಬಟ್ಟೆ ಬಿಚ್ಚಿ ಗುರಿಯಿಟ್ಟು ಹೊಡೆದಾಗ ಹಿಂತುದಿಯ ಬಟ್ ಭುಜವನ್ನು ತಟ್ಟಿತೇ ಹೊರತು ಒದೆಯಲಿಲ್ಲ. ಚೆನ್ನಾದ ಕೆಲಸ, ಹುಡುಗಾಟದ ಭಾವಮೈದನಲ್ಲಿ ಇಷ್ಟೊಂದು ನಾಜೂಕಿತ್ತೆ?

ಆಮೇಲೆ ಸೇಫ್ಟಿ. ಹೆಬ್ಬೆರಳಿಟ್ಟು ಒತ್ತಿದ. ಗೋಡೆಯ ಆಚೆಯಿಂದ ಯಾರದೋ ಬೆರಳಿನಿಂದ ಒತ್ತಿದಂತಿತ್ತು. ಸೇಫ್ಟಿ ತಿರುಗಿತು. ತಿರುಗಿದ್ದು ಕಿವಿಗೆ ಗೊತ್ತಾಯಿತು, ಬೆರಳಿಗೆ ಗೊತ್ತಾಗಲಿಲ್ಲ.

“ಈಗ?” ಎಂದ ಭಾವಮೈದ.

“ಪರವಾಗಿಲ್ಲ. ಸೀಟಿನಲ್ಲಿ ಕೂತು ನೋಡೋಣ.”

ಮೂಲೆಯಲ್ಲಿ ಹಳೆಯ ಜೀಪಿನ ಸೀಟೊಂದನ್ನು ನೆಲಕ್ಕೆ ಬಿಗಿದಿದ್ದರು. ಕಾರ್ಬೈನನ್ನು ಕೊರಳಿಗೆ ಹಾಕಿಕೊಂಡು ಗಾಡಿಯಿಂದ ಇಳಿಯುವುದು ಹೇಗೆಂದು ನೋಡುವುದಕ್ಕೆ. ಕಾವಲಿನಕ್ಕ ಅದನ್ನು ಖಾಲಿ ಮಾಡಿ, ಎರಡೆರಡು ಸಲ ಇಣುಕಿ ನೋಡಿ, ಸೇಫ್ಟಿ ಹಾಕಿ, ತಾನೇ ಕೊರಳಿಗೆ ಹಾಕಿಕೊಂಡು ಕೂತಳು. ಎದ್ದಳು. ಬೆಲ್ಟಿನ ಬಕ್ಕಲ್ ಸೇಫ್ಟಿಯನ್ನು ಸವರಿತು. ಟಿಕ್.

“ಅಯ್ಯೋ ಸರ್, ನಾನು ಮುಟ್ಟೇ ಇಲ್ಲ! ಸೇಫ್ಟಿ ತಾನಾಗೇ ಬಿಟ್ಕೊಳ್ತು. ಇದೇನು, ಉಸಿರು ಬಿಟ್ರೂ ತಿರುಗೋ ಹಾಗಿದೆ! ಗುಂಡಿದ್ದು ಟ್ರಿಗರಿಗೆ ಏನಾದ್ರೂ ತಗುಲಿದ್ರೆ ಕಾಲು ಹೋಗ್ತಿತ್ತಲ್ಲ!”

ಅವನಿಗೆ ಈಗ ಹೊಳೆಯಿತು. ಸ್ಪ್ರಿಂಗ್ ಯಾವತ್ತೂ ಬಿಗಿಯಾಗಿರಲಿಲ್ಲ. ಸೋಲುತ್ತಿದ್ದ ತನ್ನ ಬೆರಳನ್ನು ಹಿಂಬಾಲಿಸಿ ಅದೂ ಸೋತಿತ್ತು.

ಕೆಂಪು ದೀಪ ಆರಿತು. ಮ್ಯಾನೇಜರು ಒಳಗೆ ಬಂದರು. “ಇಷ್ಟು ಸಡಿಲ ಮಾಡೋ ಬುದ್ಧಿ ಯಾರದು? ಹೆಬ್ಬೆರಳಣ್ಣ, ನೀವು ಹೇಳಿದ್ರಾ?”

ಭಾವಮೈದ ಅವನ ಮುಖ ನೋಡಿದ. ಬಾಗಿಲು ತೆರೆದೇ ಇತ್ತು. ಹೆಬ್ಬೆರಳಣ್ಣನಿಗೆ ಮಾತ್ರ ಗೋಡೆಗಳು ಒಂದೊಂದು ಹೆಜ್ಜೆ ಹತ್ತಿರ ಬಂದಂತಿತ್ತು.

“ಸ್ವಲ್ಪ ಬಿಗಿ ಅಂದಿದ್ದೆ ಸರ್,” ಎಂದ. “ಇಷ್ಟು ಸಡಿಲ ಮಾಡು ಅಂತ ಅಂದಿರ್ಲಿಲ್ಲ.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಭಾವಮೈದ ಕಣ್ಣು ಕೆಳಗಿಳಿಸಿದ. “ನಾನೇ ಸರ್. ಕೈ ಜಾಸ್ತಿ ಹೋಯ್ತು.”

“ಮೊದಲಿನ ಸ್ಪ್ರಿಂಗ್ ಹಾಕಿ. ನಾಳೆಯಿಂದ ನೀವು ನಕ್ಷೆ ಮುಟ್ಬೇಡಿ, ಪ್ಯಾಕಿಂಗ್ ನೋಡ್ಕೊಳ್ಳಿ.”

ಮೊದಲಿನ ಸ್ಪ್ರಿಂಗ್ ಹಾಕಿದ್ದಾಯಿತು. ‘ಸರಿ’ ಎನ್ನಬೇಕಾದವನು ಅವನೇ. ಹೆಬ್ಬೆರಳಿಟ್ಟ, ಅದು ಜಾರಿತು. ಮ್ಯಾನೇಜರಿಗೆ ಬೆನ್ನು ಕೊಟ್ಟು, ತೋರುಬೆರಳನ್ನು ಮಡಚಿ ಅದರ ಗೆಣ್ಣಿನಿಂದ ತಳ್ಳಿದ. ತಿರುಗಿತು.

“ಸರಿ.”

ಮ್ಯಾನೇಜರು ಬೆನ್ನು ತಟ್ಟಿ ಹೊರಟರು. ಮುಂದೆ ಬರುವ ಆಯುಧಕ್ಕೂ ಹೀಗೆಯೇ ಬೆನ್ನು ತಿರುಗಿಸಿ ನಿಲ್ಲಬೇಕು, ಅದರ ಮುಂದಿನದಕ್ಕೂ. ಎದುರಿಗಿದ್ದ ಭಾವಮೈದ ಆ ಗೆಣ್ಣನ್ನೇ ನೋಡುತ್ತಿದ್ದ.

“ಭಾವ, ನಿಮ್ಮ ಬೆರಳು...”

“ಏನು?”

“ಏನಿಲ್ಲ. ಪ್ಯಾಕಿಂಗ್ ವಿಷಯ ಅಕ್ಕಂಗೆ ನೀವೇ ಹೇಳ್ಬಿಡಿ. ನನ್ನ ಬಾಯಲ್ಲಿ ಬರಲ್ಲ.”

ರಾತ್ರಿ ಊಟಕ್ಕೆ ಕೂತಾಗ ಅವನು ಹೆಂಡತಿಗೆ ಪ್ಯಾಕಿಂಗಿನ ವಿಷಯ ಹೇಳಿದ. ಅವಳು ತಮ್ಮನನ್ನು ಬೈದಳು, ಆಮೇಲೆ ಅತ್ತಳು. ಹೆಬ್ಬೆರಳಿನ ವಿಷಯ ಅವನು ಹೇಳಲಿಲ್ಲ.