ದೀಪ ಹಚ್ಚಿದ ಮೇಲೆ ಮೊಸರು

ಯಂತ್ರದ ಬಾಯಿಂದ ಬೆಳ್ಳಗೆ ಸುರುಳಿ ಸುತ್ತುತ್ತ ಇಳಿಯುತ್ತಿದೆ, ಶಾವಿಗೆ ಒತ್ತಿದ ಹಾಗೆ, ಅಲ್ಲ, ಶಾವಿಗೆಗೆ ಇಷ್ಟು ನಾಜೂಕಿಲ್ಲ, ಮೊಸರೂ ಹೀಗೆ ಐಸ್‌ಕ್ರೀಮಿನಂತೆ ನಿಲ್ಲುತ್ತದೆಂದು ಯಾರಿಗೆ ಗೊತ್ತಿತ್ತು, ಮಗಳು ಪದ್ಮಜಾ ಕೆಳಗೆ ಕಪ್ಪು ಹಿಡಿದಿದ್ದಾಳೆ, ಎರಡೂ ಕೈಯಲ್ಲಿ, ನಾಲಿಗೆ ಕಚ್ಚಿಕೊಂಡು — ಈ ನಾಲಿಗೆ ಕಚ್ಚುವುದನ್ನು ಎಲ್ಲಿ ನೋಡಿದ್ದೆ, ತಾಯಿ ಚಂದ್ರಾಬಾಯಿಯ ಬೆರಳು ಬತ್ತಿ ಹೊಸೆಯುತ್ತಲೇ ಇವೆ, ಇಂದು ತೆರೆದ ಈ ಅಂಗಡಿಯ ಬೋರ್ಡು ಕಂಪನಿಯದು, ಮೊಸರಿನ ಪುಡಿ ಕಂಪನಿಯದು, ಆದರೆ ಅವರೆದುರು ಕೂತು ಕಲಬುರ್ಗಿಗೂ ಒಂದು ಫ್ರಾಂಚೈಸಿ ಕೊಡಿ ಎಂದ ಧೈರ್ಯ ಇವಳದೇ, ಯಾರಿಂದ ಬಂತೋ, ತನ್ನಿಂದಂತೂ ಅಲ್ಲ, ಸೇಡಂ ರಸ್ತೆಯ ಬಿಸಿಲು ಇಳಿಯಿತು, ದೀಪ ಹಚ್ಚು ಅಮ್ಮಾ, ಹಚ್ಚಿದಳು, ಹಚ್ಚಿದ್ದೇ ಬೀಗಿತ್ತಿ ಸಕ್ಕೂಬಾಯಿ ಕುರ್ಚಿಯಿಂದ ಎದ್ದರು — ದೀಪಾ ಹಚ್ಚಿದ ಮ್ಯಾಲೆ ಮೊಸರು ಹೊರಗ ಕೊಡ್ತಾರೇನ ಚಂದ್ರಾಬಾಯಿ, ಲಕ್ಷ್ಮೀ ಎದ್ದು ಹೋಗ್ತಾಳ, ನಿಮ್ಮ ಕಮಲಾಪುರದಾಗ ಇಷ್ಟೂ ಕಲಿಸಿಲ್ಲೇನ ಮಗಳಿಗೆ. ಇವರು ಹೊರಟರೆ ಜೇವರ್ಗಿ ಕಾಲೋನಿಯಿಂದ ಬಂದ ನೆಂಟರೆಲ್ಲ ಹಿಂದೆಯೇ ಹೊರಡುತ್ತಾರೆ, ಸಂಜೆ ಬಿಟ್ಟರೆ ಈ ಬಿಸಿಲೂರಲ್ಲಿ ಜನ ಹೊರಬೀಳುವುದಿಲ್ಲ, ಮೊದಲ ದಿನವೇ ಅಂಗಡಿ ಮುಗಿಯಿತು, ಕಲಿಸಿದ್ದೆ, ಕಲಿಸದೆ ಏನು — ಕಮಲಾಪುರದ ಮನೆ, ಹಿತ್ತಲಲ್ಲಿ ಕೆಂಪು ಬಾಳೆ, ದೇವರ ಮುಂದೆ ಆಗಷ್ಟೇ ದೀಪ, ಹೊಸ್ತಿಲಾಚೆ ಪಕ್ಕದ ಮನೆಯ ಮಾನಮ್ಮ ಹಾಲಿನ ತಂಬಿಗೆ ಹಿಡಿದು ನಿಂತಿದ್ದಾಳೆ, ಒಂದ್ ಚಮಚಾ ಹೆಪ್ಪು ಕೊಡ್ರೀ, ನಾಳಿ ಅಳಿಯಾ ಬರ್ತಾನ, ಮನ್ಯಾಗ ಹನಿ ಮೊಸರಿಲ್ಲ, ಈ ಹೊತ್ತಿನ್ಯಾಗ ಹೆಂಗ ಕೊಡ್ಲಿ ಮಾನಮ್ಮಾ, ಅಷ್ಟರಲ್ಲಿ ಲಂಗದ ಹುಡುಗಿ ಓಡಿಬಂದು, ಮೊಸರು ಹೊರಗ ಹೋಗಬಾರದು, ಹಾಲು ಒಳಗ ಬರಬಹುದಲ್ಲಮ್ಮಾ, ಎಂದು ತಂಬಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ತುಳುಕದ ಹಾಗೆ, ನಾಲಿಗೆ ಕಚ್ಚಿಕೊಂಡು ಹೊಸ್ತಿಲು ದಾಟುತ್ತಾಳೆ, ಹೆಪ್ಪು ಹಾಕಿ ಪಡಸಾಲೆಯಲ್ಲೇ ಇಟ್ಟೆವು, ಬೆಳಗಾದ ಮೇಲೆ ಮಾನಮ್ಮ ಒಯ್ದದ್ದು ಎಂಥ ಗಟ್ಟಿ ಮೊಸರು — ಅತ್ಯಾ, ನಾ ಹೊರಗ ಎಲ್ಲಿ ಕೊಡ್ಲಿಕ್ಕತ್ತೀನಿ, ಪದ್ಮಜಾ ನಗುತ್ತಿದ್ದಾಳೆ, ದೀಪಾ ಹಚ್ಚಿದ ಮ್ಯಾಲೆ ಪಾರ್ಸಲ್ ಇಲ್ಲರೀ, ಕಂಪನಿಯವರ ಜೋಡಿ ಜಗಳಾಡಿ ಒಪ್ಪಿಸೀನಿ, ಇಷ್ಟು ಕುರ್ಚಿ ಮತ್ತ್ಯಾಕ ಹಾಕಿಸೀನಿ, ತಿನ್ನೋರು ಒಳಗ ಬರ್ಲಿ. ಹೊಟ್ಟ್ಯಾಗ ಇಟ್ಟುಕೊಂಡು ಹೋಗ್ತಾರಲ್ಲ, ಅದು, ಸಕ್ಕೂಬಾಯಿ ಬಿಡಲಿಲ್ಲ. ಹೊಟ್ಟಿ ತಡವಿ ನೋಡೂ ಅಷ್ಟು ಪುರಸೊತ್ತು ಲಕ್ಷ್ಮಿಗೆ ಎಲ್ಲೀದ ಅತ್ಯಾ. ನೆಂಟರ ನಗು, ಸಕ್ಕೂಬಾಯಿ ನಗಲಿಲ್ಲ, ಬಾಗಿಲು ನೋಡಿದರು, ದೀಪ ನೋಡಿದರು, ಸೆರಗು ಸರಿಮಾಡಿಕೊಂಡರು, ಹೋಗುತ್ತಾರೋ, ಕೂರುತ್ತಾರೋ — ಬಿಡಾಕಿ ಅಲ್ಲ ನೀ, ತಾ ಇಲ್ಲೆ, ಎಂದು ಕುರ್ಚಿ ಎಳೆದುಕೊಂಡರು, ಮಗಳು ಬರುತ್ತಿದ್ದಾಳೆ, ಅತ್ತೆಯ ಕಡೆಗೆ, ಮೊದಲ ಕಪ್ಪು, ಮೇಲೊಂದು ಕೆಂಪು ಬಾಳೆಯ ಬಿಲ್ಲೆ, ಎರಡೂ ಕೈ, ಕಚ್ಚಿದ ನಾಲಿಗೆ, ಹೊಸ್ತಿಲು, ತಂಬಿಗೆ, ತುಂಬಿದ ಹಾಲು, ಒಂದು ಹನಿಯೂ ತುಳುಕದೆ