ದೃಷ್ಟಿಬೊಟ್ಟಿನ ಬಟ್ಟಲು

ನಾನೊಂದು ಕಾಫಿ ಬಟ್ಟಲು. ಹಿಡಿಯಿಲ್ಲ, ಮೂರು ಗುಟುಕು ಹಿಡಿಸುವಷ್ಟು ಹೊಟ್ಟೆ. ಬೆಂಗಳೂರಿನ ಒಂದು ಲೆಬನಾನಿ ಹೋಟೆಲಿನಲ್ಲಿ ಹತ್ತು ವರ್ಷ ಚಾಕರಿ ಮಾಡಿದೆನಾದರೂ ಲೆಬನಾನನ್ನು ಕಣ್ಣಿಂದ ಕಂಡದ್ದಿಲ್ಲ. ಹುಟ್ಟಿದ್ದು ಉತ್ತರಪ್ರದೇಶದ ಖುರ್ಜಾದಲ್ಲಿ, ಕುಂಬಾರರ ಭಟ್ಟಿಯೊಳಗೆ. ನಮ್ಮ ಹನ್ನೆರಡು ಜನರನ್ನು ಒಟ್ಟಿಗೆ ಸುಟ್ಟರು. ಹನ್ನೊಂದು ಬಟ್ಟಲುಗಳು ಹಾಲಿನ ಹಾಗೆ ಬೆಳ್ಳಗೆ ಹೊರಬಂದವು. ನನ್ನ ಅಂಚಿನ ಕೆಳಗೆ ಮಾತ್ರ ಸಾಸಿವೆ ಕಾಳಿನಷ್ಟು ಕರಿಚುಕ್ಕೆ ಉಳಿಯಿತು. ಎಸೆಯಲು ಎತ್ತಿಕೊಂಡವನನ್ನು ಇನ್ನೊಬ್ಬ ತಡೆದ. "ದಕ್ಷಿಣಕ್ಕೆ ಹೋಗುವ ಮಾಲು, ನಡೆಯುತ್ತೆ ಬಿಡು" ಎಂದ. ಹೀಗೆ ನನ್ನ ಜೀವ ಉಳಿಯಿತು. ಅವನು ಅವತ್ತು ಎಸೆದಿದ್ದರೇ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಫ್ರೇಜರ್ ಟೌನಿನಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಆ ಹೋಟೆಲಿತ್ತು. ಮಾಲೀಕ ನಬೀಲ್ ಬೇರೂತಿನವನು. ಅವನ ಮುದಿತಾಯಿಯೂ ಜೊತೆಗಿದ್ದಳು. ಎಲ್ಲರೂ ಆಕೆಯನ್ನು ತೇತಾ ಎನ್ನುತ್ತಿದ್ದರು. ಅವರ ಕಡೆ ಅಜ್ಜಿಗೆ ಹಾಗೆನ್ನುತ್ತಾರೆ. ಆಕೆಗೆ ಅರಬ್ಬಿ ಬಿಟ್ಟು ಬೇರೆ ಭಾಷೆ ಬಾರದು. ಕಿಟಕಿಯ ಪಕ್ಕ ಕೂತು, ಊಟ ಮುಗಿಸಿದವರ ಕಾಫಿ ಬಟ್ಟಲು ನೋಡಿ ಭವಿಷ್ಯ ಹೇಳುವುದು ಆಕೆ ಹೊತ್ತು ಕಳೆಯುವ ರೀತಿ. ಅವರ ಕಾಫಿಯನ್ನು ಸೋಸುವುದಿಲ್ಲ. ಕುಡಿದು ಮುಗಿಸಿದ ಮೇಲೆ ಬಟ್ಟಲನ್ನು ಸಾಸರಿನ ಮೇಲೆ ಬೋರಲು ಹಾಕಬೇಕು. ಆರಿದ ಮೇಲೆ ಎತ್ತಿ, ತಳದ ಚರಟದಲ್ಲಿ ಹೆಬ್ಬೆರಳು ಒತ್ತಬೇಕು. ಆಗ ಮೂಡುವ ಗೆರೆಗಳನ್ನು ತೇತಾ ಓದುತ್ತಿದ್ದಳು. ಓದಿದ್ದನ್ನು ಕನ್ನಡಕ್ಕೆ ತರುತ್ತಿದ್ದವನು ಬಡಿಸುವ ಹಸನಬ್ಬ.

ಹಸನಬ್ಬ ಉಪ್ಪಿನಂಗಡಿಯವನು. ಹದಿನಾಲ್ಕು ವರ್ಷ ಕುವೈತಿನಲ್ಲಿ ಲೆಬನಾನಿಗಳ ಹೋಟೆಲಿನಲ್ಲೇ ದುಡಿದು ಅರಬ್ಬಿ ಕಲಿತವನು. ಇರುವೆಯನ್ನೂ ನೋಡಿ ದಾಟುವಂಥ ಮನುಷ್ಯ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಇದಕ್ಕೆ ಹಿಡಿದ ಶನಿಯೇ ಅದು.

ಒಂದು ಭಾನುವಾರ ಮಧ್ಯಾಹ್ನ ದಿಗಂಬರ ತಾಂಡೇಲ ತನ್ನ ಹೆಂಡತಿ ವೃಂದಾಳನ್ನು ಕರೆದುಕೊಂಡು ಬಂದ. ಅವನು ಕಾರವಾರದ ಕಡೆಯವನು, ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಅವಳು ಇಲ್ಲೇ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದಳು. ಮದುವೆಯಾಗಿ ಎರಡು ವರ್ಷ. ಮರುದಿನ ಅವನು ಹಡಗು ಹತ್ತಬೇಕಿತ್ತು. ಹಿಂದೊಮ್ಮೆ ಬೇರೂತಿನ ಬಂದರಿನಲ್ಲಿ ತಿಂದ ಊಟದ ರುಚಿಯನ್ನು ಹೆಂಡತಿಗೆ ತೋರಿಸಬೇಕೆಂಬ ಆಸೆ ಅವನದು.

ಮೇಜಿನ ತುಂಬ ಪುಟ್ಟ ಪುಟ್ಟ ತಟ್ಟೆಗಳು ಬಂದವು. ಕಡಲೆ ರುಬ್ಬಿ ಎಣ್ಣೆ ಸುರಿದ ಹಮ್ಮುಸ್, ಸುಟ್ಟ ಬದನೆಕಾಯಿಯ ಗೊಜ್ಜು, ಸಣ್ಣಗೆ ಹೆಚ್ಚಿದ ಸೊಪ್ಪಿನ ಕೋಸಂಬರಿ, ಗುಲಾಬಿ ಬಣ್ಣದ ಉಪ್ಪಿನಕಾಯಿ, ಉಬ್ಬಿದ ಬಿಸಿ ರೊಟ್ಟಿ. ವೃಂದಾ ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಕೂತಳು. ನಾನು ಪಕ್ಕದ ಕಪಾಟಿನಿಂದ ನೋಡುತ್ತಿದ್ದೆ.

"ತಿನ್ನುದಿಲ್ವಾ?" ಎಂದ ದಿಗಂಬರ.

"ಅನ್ನ ಬರ್ಲಿ. ಚಟ್ನಿ, ಕೋಸಂಬ್ರಿ, ಉಪ್ಪಿನಕಾಯಿ ಎಲ್ಲ ಬಡ್ಸಿ ಆಯ್ತು. ಅನ್ನ ಬೀಳದೆ ಕೈ ಹಾಕುದಾ?"

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಇದೇ ಊಟ ಮಾರಾಯ್ತಿ! ನಿನ್ನ ಬಿಟ್ರೆ ಸಂಜೆವರೆಗೂ ಕಾಯ್ತೀಯಲ್ಲ" ಎಂದು ರೊಟ್ಟಿ ಮುರಿದು, ಹಮ್ಮುಸಿನಲ್ಲಿ ಅದ್ದಿ, ತಾನೇ ಅವಳ ಬಾಯಿಗಿಟ್ಟ. ಅವಳು ನಾಚಿಕೊಂಡು ಆಚೀಚೆ ನೋಡುತ್ತಲೇ ತಿಂದಳು.

ಕಾಫಿಗೆ ಅವನ ಪಾಲಿಗೆ ಬಂದವನು ನಾನು. ನನ್ನ ಚುಕ್ಕೆ ನೋಡಿದವನೇ, "ಏ ವೃಂದಾ, ಇದಕ್ಕೆ ಯಾರೋ ದೃಷ್ಟಿಬೊಟ್ಟು ಇಟ್ಟಿದ್ದಾರೆ" ಎಂದ. ಅಲ್ಲಿಯವರೆಗೆ ನನ್ನ ಆ ಚುಕ್ಕೆಯನ್ನು ಎಲ್ಲರೂ ಕೊಳೆ ಎಂದೇ ತಿಕ್ಕಿದ್ದರು. ಅವನ ಮೇಲೆ ನನಗೆ ಪ್ರೀತಿ ಹುಟ್ಟಿತು. ಅವನ ಹೆಬ್ಬೆರಳಿನ ಉಗುರು ಯಂತ್ರಕ್ಕೆ ಸಿಕ್ಕಿ ಸೀಳಿತ್ತು. ಆ ಬೆರಳನ್ನು ನನ್ನ ತಳದಲ್ಲಿ ಒತ್ತಿದ.

ತೇತಾ ನೋಡಿ, "ನೀರು ಕಾಣುತ್ತದೆ, ದೂರದ ದಾರಿ" ಎಂದಳು. ಹಸನಬ್ಬ ಅದನ್ನು ಹೇಳಿದಾಗ ದಿಗಂಬರ, "ಹಡಗಿನವನ ಬಟ್ಟಲಲ್ಲಿ ನೀರಲ್ದೆ ಗದ್ದೆ ಕಾಣ್ತದಾ?" ಎಂದು ಮತ್ತೆ ನಕ್ಕ. ವೃಂದಾ ನಗಲಿಲ್ಲ. "ವಾಪಸ್ ಬರುದು ಕಾಣ್ತದಾ ಕೇಳಿ" ಎಂದಳು. ತೇತಾ ನನ್ನೊಳಗೆ ಇನ್ನೊಮ್ಮೆ ಇಣುಕಲೂ ಇಲ್ಲ. ಅವಳ ಕೆನ್ನೆ ಸವರಿ, "ಬರುತ್ತಾನೆ" ಎಂದುಬಿಟ್ಟಳು. ಹೊರಟವರಿಗೆ ನಾವು ಹೋಗಿ ಬಾ ಎನ್ನುವುದಿಲ್ಲವೇ, ಆಕೆ ಎಲ್ಲರಿಗೂ ಹಾಗೆನ್ನುತ್ತಿದ್ದಳು. ಆ ಮಾತನ್ನು ಹಸನಬ್ಬ ಒಂದಕ್ಷರವೂ ಬದಲಿಸದೆ ತಲುಪಿಸಿದ.

ನಾಲ್ಕನೆಯ ತಿಂಗಳಲ್ಲಿ ಆ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಇಪ್ಪತ್ತೆರಡು ಜನರಲ್ಲಿ ಹದಿನೈದು ಹೆಣಗಳು ಸಿಕ್ಕವು. ದಿಗಂಬರನದು ಸಿಗಲಿಲ್ಲ. ಸಿಕ್ಕಿದ್ದರೆ ಅವಳು ಅತ್ತು ಮುಗಿಸುತ್ತಿದ್ದಳೋ ಏನೋ.

ವರ್ಷ ತುಂಬುವ ಹೊತ್ತಿಗೆ, ಒಂದು ಭಾನುವಾರ ಮಧ್ಯಾಹ್ನ, ಒಬ್ಬಳೇ ಬಂದಳು. ಅದೇ ಮೇಜು, ಅದೇ ತಟ್ಟೆಗಳು. ಯಾವುದಕ್ಕೂ ಕೈ ಹಾಕಲಿಲ್ಲ. ಕಾಫಿಗೆ ಬೊಟ್ಟಿನ ಬಟ್ಟಲೇ ಬೇಕೆಂದು ಕೇಳಿ ಪಡೆದಳು. ಕುಡಿದು, ಬೋರಲು ಹಾಕಿ, ಬೆರಳು ಒತ್ತಿ, ತೇತಾಳ ಮುಂದೆ ಹಿಡಿದಳು. "ಬರ್ತಾರೆ ಅಂದಿದ್ರು ಅಜ್ಜಿ. ಇನ್ನೂ ಬರ್ಲಿಲ್ಲ. ಎಲ್ಲಿದ್ದಾರೆ ಕೇಳಿ" ಎಂದಳು. ಹಡಗು ಮುಳುಗಿದ ಸುದ್ದಿಯನ್ನು ಅವಳಿಂದಲೇ ಕೇಳಿಕೊಂಡು, ನಡೆದದ್ದನ್ನೆಲ್ಲ ಹಸನಬ್ಬ ಅರಬ್ಬಿಯಲ್ಲಿ ತಿಳಿಸಿದ.

ತೇತಾಳ ಮುಖ ಇಳಿದುಹೋಯಿತು. ನನ್ನನ್ನು ಪಕ್ಕಕ್ಕಿಟ್ಟು ಅವಳ ಎರಡೂ ಕೈ ಹಿಡಿದುಕೊಂಡಳು. ಬಟ್ಟಲಿಗೆ ಭಾಷೆಯ ಹಂಗಿಲ್ಲ, ತುಟಿಗಳ ಸಹವಾಸದಿಂದ ನನಗೆಲ್ಲ ತಿಳಿಯುತ್ತದೆ. ಆಕೆ ಅಂದದ್ದು ಇಷ್ಟು: "ಮಗಳೇ, ಯುದ್ಧದ ಕಾಲದಲ್ಲಿ ನನ್ನ ಗಂಡ ರೊಟ್ಟಿ ತರಲು ಹೋದ. ದಾರಿಯಲ್ಲಿ ಯಾರೋ ಹಿಡಿದುಕೊಂಡು ಹೋದರು. ಮೂವತ್ತು ವರ್ಷ ಬಾಗಿಲ ಸದ್ದಿಗೆಲ್ಲ ಎದ್ದು ಓಡಿದೆ. ಬಟ್ಟಲು ನೋಡುವುದನ್ನು ಕಲಿತದ್ದೂ ಅದಕ್ಕೇ. ಇದರಲ್ಲಿ ಚರಟ ಬಿಟ್ಟು ಏನೂ ಇಲ್ಲ. ಅವತ್ತು ಬರುತ್ತಾನೆ ಅಂದದ್ದು ಬಾಯುಪಚಾರ. ತಪ್ಪಾಯಿತು. ಅತ್ತುಬಿಡು. ನನ್ನ ಹಾಗೆ ಕಾಯುತ್ತ ಕೂರಬೇಡ."

ವೃಂದಾ ಹಸನಬ್ಬನ ಕಡೆ ತಿರುಗಿದಳು. ಆ ಕಣ್ಣುಗಳನ್ನು ನೋಡಿದ್ದರೆ ನೀವೂ ಏನು ಹೇಳುತ್ತಿದ್ದಿರೋ ಗೊತ್ತಿಲ್ಲ.

"ದಾರಿ ಉಂಟಂತೆ ಅಕ್ಕ" ಎಂದ. "ಸ್ವಲ್ಪ ತಡ ಆಗ್ತದಂತೆ. ಬರ್ತಾರಂತೆ."

ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು. ತನ್ನ ಮಾತು ನಾಟಿತೆಂದುಕೊಂಡು ತೇತಾ ಅವಳನ್ನು ಎದೆಗೊತ್ತಿಕೊಂಡು ತಾನೂ ಅತ್ತಳು. ಒಬ್ಬಳು ಆಸೆ ಹುಟ್ಟಿ ಅತ್ತದ್ದು, ಇನ್ನೊಬ್ಬಳು ಆಸೆ ಬಿಡಿಸಿದೆನೆಂದು ಅತ್ತದ್ದು. ನಾನು ಬಾಯಿ ತೆರೆದುಕೊಂಡೇ ಕೂತಿದ್ದೆ. ಬಟ್ಟಲಿಗೆ ಬಾಯಿದ್ದು ಏನು ಪ್ರಯೋಜನ!

ಅಲ್ಲಿಂದ ಪ್ರತಿ ವರ್ಷ ಅದೇ ತಿಂಗಳ ಒಂದು ಭಾನುವಾರ ಬರತೊಡಗಿದಳು. ತೇತಾ ಪ್ರತಿ ಸಲ, "ಹುಡುಗಿ ಬದುಕಲು ಶುರುಮಾಡಿದಳೇ?" ಎಂದು ಕೇಳುವಳು. "ಹೌದು, ನಿಮ್ಮನ್ನು ನೋಡಲೆಂದೇ ಬಂದಿದ್ದಾಳೆ" ಎನ್ನುವನು ಹಸನಬ್ಬ. ಇತ್ತ ಅವಳಿಗೆ, "ದಾರಿ ಹಾಗೇ ಉಂಟು ಅಕ್ಕ" ಎನ್ನುವನು. ಆಮೇಲೆ ನನ್ನನ್ನು ತೊಳೆಯುವಾಗ ಅವನ ಬೆರಳುಗಳು ಬಿಗಿಯುತ್ತಿದ್ದವು. ಬಾಯಿಗೆ ಬಿದ್ದ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಆರನೆಯ ವರ್ಷ ಅವಳ ಜೊತೆ ಒಬ್ಬರು ಬಂದರು. ಅದೇ ಕಾಲೇಜಿನ ಗಣಿತದ ಮೇಷ್ಟ್ರು ರುದ್ರಮುನಿ, ಹಾವೇರಿಯವರು, ಹೆಂಡತಿ ಇಲ್ಲದವರು. ಅವರು ಮೇಜಿನ ಮೇಲಿನದನ್ನೆಲ್ಲ ಸಂತೋಷವಾಗಿ ತಿಂದರು. ಅಷ್ಟೇ ಅಲ್ಲ, ವೃಂದಾಳೂ ತಿಂದಳು. ಐದು ವರ್ಷದಲ್ಲಿ ಮೊದಲ ಸಲ ಅವಳ ಕೈ ಆ ತಟ್ಟೆಗಳತ್ತ ಹೋದದ್ದನ್ನು ನೋಡಿ ನನ್ನ ಜೀವ ಹಗುರಾಯಿತು.

ಕಾಫಿ ಆದ ಮೇಲೆ ಅವಳು ಹಸನಬ್ಬನನ್ನು ಕರೆದು ಮೆಲ್ಲಗೆ ಹೇಳಿದಳು. "ಇವರು ನನ್ನ ಮದುವೆ ಆಗ್ತೇನೆ ಅಂತಿದ್ದಾರೆ. ನನಗೂ ಒಬ್ಬಳೇ ಇದ್ದು ಸಾಕಾಗಿದೆ. ಆದ್ರೆ ಅವರು ಬರುದಾದ್ರೆ? ಅಜ್ಜಿ ಎಂತ ಹೇಳ್ತಾರೋ ಹಾಗೆ ಮಾಡ್ತೇನೆ. ಸರಿಯಾಗಿ ಕೇಳಿ."

"ಅಜ್ಜಿ ಮಾತಿಗೆ ನಾನೂ ಒಪ್ಪೇನ್ರಿ" ಎಂದರು ರುದ್ರಮುನಿ. "ಹಿರೇರು, ಕೆಟ್ಟದ್ದ ಹೇಳಾಂಗಿಲ್ಲ."

ಹಸನಬ್ಬ ತೇತಾಳಿಗೆ ಎಲ್ಲವನ್ನೂ ನಿಜವಾಗಿಯೇ ಹೇಳಿದ. ತೇತಾ ನನ್ನನ್ನು ಮುಟ್ಟಲೂ ಇಲ್ಲ. ಮೇಷ್ಟ್ರ ಮುಖವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿ, "ಹೋಗು ಮಗಳೇ, ಇವನ ಜೊತೆ ಹೋಗು. ಇವತ್ತೇ ಹೋಗು" ಎಂದಳು.

ಅಷ್ಟನ್ನೇ ಕನ್ನಡದಲ್ಲಿ ಹೇಳಿದ್ದರೆ ಆಗುತ್ತಿತ್ತು. ಹಸನಬ್ಬ ಬಾಯಿ ತೆರೆದ. ಆದರೆ ಅವನ ಮನಸ್ಸು ಹಿಂದಿನ ಐದು ವರ್ಷಗಳಿಗೆ ಓಡಿತು. ಹೋಗು ಎಂದರೆ, ಹಾಗಾದರೆ ಇಷ್ಟು ದಿನ ದಾರಿ ಇದೆ ಎಂದಿರಲ್ಲ ಎಂದು ಕೇಳುತ್ತಾಳೆ. ದಾರಿ ಎಲ್ಲಿ ಹೋಯಿತು, ಅವರಿಗೇನಾಯಿತು ಎಂದು ಕೇಳುತ್ತಾಳೆ. ಕೊನೆಗೆ, "ಅವಸರ ಬೇಡ ಅಂತಾರೆ ಅಕ್ಕ. ಇನ್ನು ಸ್ವಲ್ಪ ಸಮಯ ನೋಡಿ" ಎಂದ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಇವನು ಒಂದು ಸುಳ್ಳು ಹೇಳಿ ಮದುವೆ ತಪ್ಪಿಸಿದ.

ರುದ್ರಮುನಿ, "ಆತ್ರಿ ಮೇಡಂ, ಮಾತು ಅಂದ್ರ ಮಾತು" ಎಂದು ಎದ್ದು, ತೇತಾಳಿಗೆ ಕೈಮುಗಿದು ಹೊರಟರು. ಅವನೊಬ್ಬನೇ ಯಾಕೆ ಹೋದ ಎಂದು ತೇತಾ ಗಾಬರಿಯಿಂದ ಕೇಳಿದಳು. ಏನೋ ಕೆಲಸವಿದೆಯಂತೆ ಎಂದ ಹಸನಬ್ಬ. ಮುಂದಿನ ವರ್ಷ ಮೇಷ್ಟ್ರು ವರ್ಗ ಮಾಡಿಸಿಕೊಂಡು ಹಾವೇರಿಗೆ ಹೋದರು, ಅಲ್ಲೇ ಮದುವೆಯಾದರಂತೆ. ವೃಂದಾ ಮತ್ತೆ ಒಬ್ಬಳೇ ಬಂದಳು, ಮತ್ತೆ ತಟ್ಟೆಗಳನ್ನು ಮುಟ್ಟದೆ ಕೂತಳು.

ಒಂಬತ್ತನೆಯ ವರ್ಷ ತೇತಾ ತೀರಿಕೊಂಡಳು. ನಬೀಲ್ ಹೋಟೆಲು ಮುಚ್ಚಿ ಊರಿಗೆ ಹೊರಟ. ನನ್ನ ಒಡಹುಟ್ಟಿದವರನ್ನು ಯಾರು ಯಾರೋ ಒಯ್ದರು. ಉಪ್ಪಿನಂಗಡಿಗೆ ಮರಳಲು ಗಂಟುಮೂಟೆ ಕಟ್ಟಿದ್ದ ಹಸನಬ್ಬ ವೃಂದಾಳಿಗೆ ಫೋನ್ ಮಾಡಿ ಕರೆಸಿದ. ಖಾಲಿ ಹೋಟೆಲಿನಲ್ಲಿ, ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿದ್ದ ಆ ಮಧ್ಯಾಹ್ನ, ನನ್ನನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿತ್ತ. ಆಮೇಲೆ ಎಲ್ಲವನ್ನೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಮೇಷ್ಟ್ರ ಜೊತೆ ಹೋಗು ಎಂದು ತೇತಾ ಅಂದದ್ದನ್ನೂ ಹೇಳಿದ. "ನಿಮ್ಮ ಸಂಕಟ ನೋಡ್ಲಿಕ್ಕೆ ಆಗ್ಲಿಲ್ಲ ಅಕ್ಕ. ಮತ್ತೆ ನಿಜ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ನನ್ನನ್ನು ಮಾಫ್ ಮಾಡಿ" ಎಂದು ನೆಲ ನೋಡುತ್ತ ಅತ್ತ.

ನಾನು ಕಾಗದದೊಳಗೆ ಉಸಿರು ಹಿಡಿದಿದ್ದೆ. ಅಂತೂ ನಿಜ ಹೊರಬಿತ್ತು, ಇನ್ನಾದರೂ ಇವಳು ಬದುಕಿಕೊಳ್ಳುತ್ತಾಳೆ ಎಂದುಕೊಂಡೆ.

ವೃಂದಾ ಕೇಳಿದಳು: "ಇದನ್ನೆಲ್ಲ ಹೇಳ್ಲಿಕ್ಕೆ ನಿಮಗೆ ಯಾರು ಹೇಳಿಕೊಟ್ರು? ಮರೆತುಬಿಡು ಅಂತ ಹಿಂದೆ ಬಿದ್ದಿದ್ದಾನಲ್ಲ, ನಮ್ಮಣ್ಣನಾ?"

"ಅಲ್ಲಾಹನಾಣೆ ಅಕ್ಕ, ಯಾರೂ ಇಲ್ಲ."

"ಅಜ್ಜಿ ನನ್ನ ಕೆನ್ನೆ ಸವರಿ ಬರ್ತಾರೆ ಅಂದಿದ್ದು ನಾನೇ ನೋಡಿದ್ದೇನೆ. ಮುಂದಿನ ವರ್ಷ ನನ್ನ ಅಪ್ಪಿಕೊಂಡು ಸಂತೋಷಕ್ಕೆ ಅತ್ರು. ಬರುದಿಲ್ಲ ಅನ್ನುವವರು ಹಾಗೆ ಮಾಡ್ತಾರಾ?" ಅವಳಿಗೆ ಸಿಟ್ಟೂ ಇರಲಿಲ್ಲ. "ನನ್ನ ಒಳ್ಳೇದಕ್ಕೇ ಹೇಳ್ತಾ ಇದ್ದೀರಿ, ಗೊತ್ತುಂಟು. ಆದ್ರೆ ಸುಳ್ಳು ಹೇಳ್ಬೇಡಿ ಹಸನಬ್ಬ. ನಿಮಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ."

ಅವಳು ನನ್ನನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು.

ಈಗ ನಾನು ಅವಳ ಅಡುಗೆಮನೆಯ ಕಪಾಟಿನಲ್ಲಿದ್ದೇನೆ. ಅವಳ ಕೂದಲು ನರೆತಿದೆ. ಕೆಲಸದಿಂದ ನಿವೃತ್ತಿಯಾಗಿದೆ. ದಿನಾ ಅವಳು ಕುಡಿಯುವುದು ಈ ಊರಿನ ಫಿಲ್ಟರ್ ಕಾಫಿ, ಸ್ಟೀಲ್ ಲೋಟದಲ್ಲಿ. ವರ್ಷಕ್ಕೊಂದು ಭಾನುವಾರ ಮಾತ್ರ ನನ್ನನ್ನು ಇಳಿಸುತ್ತಾಳೆ. ಕಡಲೆ ರುಬ್ಬುತ್ತಾಳೆ, ಬದನೆಕಾಯಿ ಸುಡುತ್ತಾಳೆ, ಎರಡು ತಟ್ಟೆ ಹಾಕಿ ಕೈ ಕಟ್ಟಿ ಕೂರುತ್ತಾಳೆ. ಎಲ್ಲ ತಣ್ಣಗಾದ ಮೇಲೆ, ಸೋಸದ ಕಾಫಿ ಕುದಿಸಿ ನನ್ನಲ್ಲಿ ಸುರಿದು ಕುಡಿದು ಬೋರಲು ಹಾಕುತ್ತಾಳೆ. ಹೇಳಲು ತೇತಾ ಇಲ್ಲ, ತಿರುಚಲು ಹಸನಬ್ಬ ಇಲ್ಲ. ಈಗ ತಾನೇ ಓದುತ್ತಾಳೆ.

ಈ ವರ್ಷವೂ ಎತ್ತಿ, ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು ನೋಡಿದಳು. ಬೊಟ್ಟಿನ ಬಳಿಯಿಂದ ತಳದವರೆಗೆ ತೆಳ್ಳಗೆ ಒಂದು ಕರೀ ಗೆರೆ ಇಳಿದಿತ್ತು. ಹೋದ ವರ್ಷಕ್ಕಿಂತ ಸ್ಪಷ್ಟವಾಗಿತ್ತು. ಅವಳ ಮುಖ ಅರಳಿತು. "ದಾರಿ ಉಂಟು. ಹತ್ತಿರ ಬಂದಿದ್ದಾರೆ" ಎಂದಳು, ಥೇಟ್ ಹಸನಬ್ಬನ ದನಿಯಲ್ಲಿ. ಆಮೇಲೆ ನನ್ನನ್ನು ತೊಳೆದು, ಒರೆಸಿ, ಜೋಪಾನವಾಗಿ ಕಪಾಟಿನಲ್ಲಿಟ್ಟಳು.

ತೊಳೆದ ಮೇಲೂ ಆ ಗೆರೆ ಹೋಗಿಲ್ಲ. ಅದು ದಾರಿಯಲ್ಲ ತಾಯಿ, ನಾನು ಬಿರುಕು ಬಿಡುತ್ತಿದ್ದೇನೆ.