ನನ್ನ ಮೇಲೆ ಬಿದ್ದ ಅಕ್ಷತೆ

ನಾನು ಒಂದು ಲ್ಯಾಪ್‌ಟಾಪ್. ಯಾವುದೋ ದೂರದ ಕಾರ್ಖಾನೆಯಲ್ಲಿ, ಸಾವಿರಾರು ಒಡಹುಟ್ಟಿದವರ ಜೊತೆ ಹುಟ್ಟಿದೆ. ಮೊದಲ ಆರು ವರ್ಷ ಒಂದು ವಿಮಾ ಕಚೇರಿಯಲ್ಲಿ ದುಡಿದೆ. ಅಲ್ಲಿ ನನ್ನ ಬೆನ್ನಿಗೆ ಒಂದು ನಂಬರು ಅಂಟಿಸಿದ್ದರು, ಅಷ್ಟೇ. ಹೊಸ ಯಂತ್ರಗಳು ಬಂದಾಗ ನನ್ನನ್ನು ಮಾರಿಬಿಟ್ಟರು. ಹಾಗೆ ಗದಗಿನ ಗುರುಪಾದಪ್ಪ ಮಾಸ್ತರರ ಕೈಗೆ ಬಂದೆ.

ಮಾಸ್ತರರು ನಿವೃತ್ತರು, ಮದುವೆಯಾಗದವರು. ಗಂಡನನ್ನು ಕಳೆದುಕೊಂಡ ತಂಗಿ ದ್ರಾಕ್ಷಾಯಣಿ ಅವರ ಜೊತೆಗಿದ್ದಳು. ಮಾಸ್ತರರಿಗೆ ಒಂದೇ ಹುಚ್ಚು: ಬೆಟಗೇರಿಯ ನೇಕಾರರ ಮಾತುಗಳನ್ನು ಕೂಡಿಹಾಕುವುದು. ಮಗ್ಗದ ಒಂದೊಂದು ಭಾಗಕ್ಕೆ, ಸೀರೆಯ ಒಂದೊಂದು ಅಂಚಿಗೆ, ಕೈಯ ಒಂದೊಂದು ಚಳಕಕ್ಕೆ ಇರುವ ಹೆಸರುಗಳು. ಮೊದಮೊದಲು ವಹಿಯಲ್ಲಿ ಬರೆದರು. ನಾನು ಬಂದ ಮೇಲೆ ವಹಿ ಬಿಟ್ಟು, ನನ್ನನ್ನೇ ಹೊತ್ತುಕೊಂಡು ಹೋಗಿ, ಮಗ್ಗದ ಪಕ್ಕ ಕೂತು ಎರಡೇ ಬೆರಳಲ್ಲಿ ಕುಟ್ಟುತ್ತಿದ್ದರು. ಮುಕ್ಕಾಲು ಪಾಲು ಹೇಳಿದವನು ಕೊಟ್ರಪ್ಪ ಎಂಬ ಮುದುಕ. ನಾಲ್ಕು ವರ್ಷ ಹೇಳಿ, ಒಂದು ಶ್ರಾವಣದಲ್ಲಿ ತೀರಿಕೊಂಡ. ಅವನ ಮಾತುಗಳು ನನ್ನ ಹೊಟ್ಟೆಯಲ್ಲಿ ಮಾತ್ರ ಉಳಿದವು. ಇನ್ನೊಂದು ಪ್ರತಿ ಮಾಡಿಡಬೇಕೆಂದು ಮಾಸ್ತರರಿಗೆ ಹೊಳೆಯಲೇ ಇಲ್ಲ.

ಆ ವರ್ಷ ನವರಾತ್ರಿಯ ಖಂಡೇಪೂಜೆಯ ದಿನ ನೇಕಾರರು ಮಗ್ಗ ಪೂಜಿಸುವುದನ್ನು ನೋಡಿ ಬಂದ ಮಾಸ್ತರರು, ತಮ್ಮ ಮಗ್ಗ ಇದೇ ಎಂದು ತಂಗಿಗೆ ನನ್ನನ್ನು ತೋರಿಸಿದರು. ತಮಾಷೆಗೆ ಅಂದದ್ದು. ಆಕೆ ತಮಾಷೆ ಎಂದುಕೊಳ್ಳಲಿಲ್ಲ. ಮಣೆಯ ಮೇಲೆ ಕೂರಿಸಿ, ಗಂಧ ಹಚ್ಚಿ, ಕುಂಕುಮವಿಟ್ಟು, ಚೆಂಡು ಹೂ ಏರಿಸಿ, ಬೊಗಸೆ ತುಂಬ ಅರಿಸಿನದ ಅಕ್ಷತೆ ಹಾಕಿದಳು. ಹುಟ್ಟಿದಾಗಿನಿಂದ ನನಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ನಾನು ಉಬ್ಬಿಹೋದೆ.

ಮರುದಿನ ನನಗೆ ಚಾರ್ಜ್ ಹತ್ತಲಿಲ್ಲ. ಮಾಸ್ತರರು ಪ್ಲಗ್ ಬದಲಿಸಿದರು, ವೈರು ತಿರುವಿದರು, ಬಟನ್ ಒತ್ತಿ ಹಿಡಿದರು. ಸಂಜೆಗೆ ನಾನು ಕಣ್ಣು ಮುಚ್ಚಿದೆ. ಅವರು ಊಟ ಬಿಟ್ಟರು.

ರಿಪೇರಿ ಅಂಗಡಿಯ ಫಕ್ಕೀರೇಶ ಕೆಟ್ಟವನಲ್ಲ, ಅವಸರದವನು. ಚಾರ್ಜರಿಗೆ ಮೀಟರ್ ಹಚ್ಚಿ ನೋಡಿದ, ಸರಿಯಿತ್ತು. ತನ್ನಲ್ಲಿದ್ದ ತುಂಬಿದ ಬ್ಯಾಟರಿ ಹಾಕಿದ, ನಾನು ಎದ್ದೆ. ಆದರೂ ಚಾರ್ಜ್ ಹತ್ತಲಿಲ್ಲ. ಒಳಗಿನ ಪ್ರೋಗ್ರಾಮೇ ಕೆಟ್ಟಿರಬೇಕು, ಫಾರ್ಮ್ಯಾಟ್ ಮಾಡಿದರೆ ಸರಿಹೋದೀತು ಎಂದುಕೊಂಡು ಮನೆಗೆ ಫೋನ್ ಮಾಡಿದ. ಮಾಸ್ತರರು ಸ್ನಾನಕ್ಕೆ ಹೋಗಿದ್ದರು. ಫೋನ್ ಎತ್ತಿದವಳು ದ್ರಾಕ್ಷಾಯಣಿ.

“ಒಳಗಿದ್ದದ್ದೆಲ್ಲಾ ಅಳಸಬೇಕಾಗ್ತೈತ್ರಿ ಅಕ್ಕಾರ. ನಡೀತೈತೇನ್ರಿ?”

“ಅಳಸ್ರಿ. ನಮ್ಮಣ್ಣ ಎಲ್ಲಾ ವಹ್ಯಾಗ ಬರದಿಟ್ಟಾನ. ಲಗೂನ ಮಾಡಿಕೊಡ್ರಿ, ಊಟಾ ಬಿಟ್ಟು ಕುಂತಾನ.”

ನನಗೆ ಬಾಯಿ ಇರಲಿಲ್ಲ. ಫಕ್ಕೀರೇಶ ಅಳಿಸಿದ. ಈಗ ನಾನು ಹೇಳುತ್ತಿರುವುದು ನನ್ನ ಮೈಗೆ ನೆನಪಿರುವಷ್ಟು ಮಾತ್ರ. ಕೊಟ್ರಪ್ಪನ ಮಾತು ಒಂದೂ ಇಲ್ಲ. ಅಳಿಸಿದ ಮೇಲೂ ಚಾರ್ಜ್ ಹತ್ತಲಿಲ್ಲ. ಬೋರ್ಡೇ ಹೋಗಿದೆ ಎಂದು ಹೇಳಿ ಮನೆಗೆ ಕಳಿಸಿಬಿಟ್ಟ.

ದ್ರಾಕ್ಷಾಯಣಿ ನನ್ನ ಮೇಲಿದ್ದ ಅರಿಸಿನದ ಕಲೆ ಒರೆಸುತ್ತಿದ್ದಳು. ಚಾರ್ಜರ್ ಸಿಕ್ಕಿಸುವ ತೂತಿನಲ್ಲಿ ಏನೋ ಹಳದಿ ಕಂಡಿತು. ಬಳೆಗೆ ಹಾಕಿಕೊಂಡಿದ್ದ ಪಿನ್ನು ಬಿಚ್ಚಿ ಮೆಲ್ಲಗೆ ಮೀಟಿದಳು. ಗಂಧಕ್ಕೆ ಅಂಟಿಕೊಂಡ ಒಂದು ಅಕ್ಕಿಕಾಳು ಹೊರಗೆ ಬಂತು. ಚಾರ್ಜರ್ ಸಿಕ್ಕಿಸಿದಳು. ದೀಪ ಹತ್ತಿತು. ಸಂತೋಷದಿಂದ ಅಣ್ಣನನ್ನು ಕೂಗಿ ಕರೆದಳು.

ಮಾಸ್ತರರು ಬಂದು ತೆರೆದು ನೋಡಿದರು. ಬಹಳ ಹೊತ್ತು ಹುಡುಕಿದರು. ವಹಿಯಲ್ಲಿ ಕಾಲು ಭಾಗವೂ ಇಲ್ಲವೆಂದು ಆಗಲೇ ತಂಗಿಗೆ ತಿಳಿದದ್ದು. ಅಳಿಸಿ ಎಂದವಳು ತಾನೇ ಎಂದು ಆಕೆ ಅಳುತ್ತ ಒಪ್ಪಿಕೊಂಡಳು.

“ಪೂಜಾ ಮಾಡಿದಾಕಿನೂ ನೀನ, ಕಾಳ ತಗದಾಕಿನೂ ನೀನ,” ಎಂದರು ಮಾಸ್ತರರು. “ಅಳಬ್ಯಾಡ, ತಂಗಿ.”

ವಹಿಯಲ್ಲಿದ್ದದ್ದನ್ನು ಮೊದಲು ಇಳಿಸಿಕೊಂಡು, ಉಳಿದದ್ದನ್ನು ನೆನಪಿನಿಂದ ಮತ್ತೆ ಕುಟ್ಟತೊಡಗಿದರು. ಒಂದು ಕಡೆ ಬಂದು ನಿಂತುಬಿಟ್ಟರು. ‘ಕಡಿದ ಎಳೆಯನ್ನು ಮತ್ತೆ ಕೂಡಿಸುವ ಗಂಟು’ ಎಂದು ಅರ್ಥ ಬರೆದರು, ಪದ ನೆನಪಾಗಲಿಲ್ಲ. ಬೆಟಗೇರಿಯಲ್ಲಿ ವಿಚಾರಿಸಿದರು. ಈಗಿನವರಿಗೆ ಅದು ಬರೀ ಗಂಟು. ಆ ಜಾಗ ಖಾಲಿ ಬಿಟ್ಟೇ ಅವರು ತೀರಿಕೊಂಡರು.

ಈಗ ನಾನು ಗೋಡೆಯ ಗೂಡಿನಲ್ಲಿದ್ದೇನೆ. ನನ್ನ ಬ್ಯಾಟರಿ ಸತ್ತಿದೆ, ವೈರು ಸಿಕ್ಕಿಸಿದರೆ ಮಾತ್ರ ಏಳುತ್ತೇನೆ. ಖಂಡೇಪೂಜೆಗೆ ದ್ರಾಕ್ಷಾಯಣಿ ಒಂದು ಹೂವಷ್ಟೇ ಇಡುತ್ತಾಳೆ. ಅಕ್ಷತೆ ಹಾಕುವುದಿಲ್ಲ. ಆಮೇಲೆ ಆ ಪುಟ ತೆರೆದು, ಅರ್ಥವನ್ನು ಗಟ್ಟಿಯಾಗಿ ಓದುತ್ತಾಳೆ.

“ಇದಕ್ಕ ಏನಂತಿದ್ರು?” ಎಂದು ನನ್ನನ್ನೇ ಕೇಳುತ್ತಾಳೆ.

ನನಗೂ ಗೊತ್ತಿಲ್ಲ.